ದೊಡ್ಡಪತ್ರೆಯ ಮೊದಲ ಎಲೆ

ಪ್ರೀತಿಯ ಅತ್ತಿಗೆಗೆ,

ಹೆದರಿಕೊಂಡೇ ಬರೆಯುತ್ತಿದ್ದೇನೆ. ಬೆಳಗ್ಗೆ ನಿಮ್ಮ ಹಿತ್ತಲಿನ ದೊಡ್ಡಪತ್ರೆಯ ಒಂದು ಎಲೆ ತಿಂದೆ. ಆಗಿನಿಂದ ಗಳಿಗೆಗೊಮ್ಮೆ ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತಿದ್ದೇನೆ. ನಗಬೇಡಿ.

ನೆನಪಿದೆಯಾ? ನಿಮ್ಮ ಮಗಳು ಸುಮಾ ಚಿಕ್ಕವಳಿದ್ದಾಗ ಕೆಮ್ಮಿದರೆ ಸಾಕು, ದೊಡ್ಡಪತ್ರೆ ಬಾಡಿಸಿ ಮೊದಲು ನನ್ನ ಬಾಯಿಗೆ ತುರುಕುತ್ತಿದ್ದಿರಿ. "ಮೈದುನ ಉಳಕೊಂಡ್ರೆ ಮಗೂಗೂ ಕೊಡಣ" ಎನ್ನುತ್ತಿದ್ದಿರಿ. ಈ ಮನೆಯಲ್ಲಿ ನನಗೆ ಸಿಕ್ಕ ಏಕೈಕ ಅಧಿಕೃತ ಹುದ್ದೆ ಅದು. ಗಿಡ ಚಳಿಗೆ ಕಪ್ಪಾಗದಿರಲೆಂದು ಸಂಜೆಯಾದರೆ ಅದರ ಮೇಲೆ ಬಿದಿರು ಕುಕ್ಕೆ ಕವುಚುತ್ತಿದ್ದಿರಿ.

ಆ ಸುಮಾ ಈಗ ಸಂಶೋಧಕಿ. ಔಷಧಿ ಗಿಡಗಳು ಚಳಿ ತಾಳುವಂತೆ ಮಾಡುವುದೇ ಅವಳ ಕೆಲಸ. ಸತುವಿನ ಕಣಗಳನ್ನು ನೀರಿಗೆ ಬೆರೆಸಿ ಎಲೆಗೆ ಸಿಂಪಡಿಸುತ್ತಾಳೆ. ನ್ಯಾನೋ ಅಂತೆ; ಕಣ್ಣಿಗಿರಲಿ, ನನ್ನ ಕನ್ನಡಕಕ್ಕೂ ಕಾಣವು. ಹಿತ್ತಲಲ್ಲಿ ಎರಡು ಸಾಲು ದೊಡ್ಡಪತ್ರೆ ಕುಂಡ: ಒಂದಕ್ಕೆ ಕಣ, ಇನ್ನೊಂದಕ್ಕೆ ಬರೀ ನೀರು. ಮಂಚೇನಹಳ್ಳಿಯ ಈ ಸಲದ ಚಳಿಗೆ ನೀರಿನ ಸಾಲು ಮಲಗಿಬಿಟ್ಟಿತು. ಕಣದ ಸಾಲು ಮದುವೆಗೆ ಹೊರಟ ಹಾಗೆ ನಿಂತಿತ್ತು. ನಾನು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ನಿನ್ನೆ ಸಂಜೆ ಅವಳ ಮಗು ಕೆಮ್ಮತೊಡಗಿತು. ಹೌದು ಅತ್ತಿಗೆ, ನೀವು ನೋಡದ ಮೊಮ್ಮಗಳು, ಈಗಿನ್ನೂ ತೆವಳುತ್ತಾಳೆ. ಉಸಿರೆಳೆದಾಗಲೆಲ್ಲ ಎದೆಯಲ್ಲಿ ಗೊರಗೊರ. ಎಲೆ ಕೀಳಲು ಓಡಿದೆ. ಸುಮಾ ಕೈ ಹಿಡಿದಳು.

"ಬೇಡ ಚಿಕ್ಕಪ್ಪ. ಗಿಡಕ್ಕೆ ಏನಾಗತ್ತೆ ಅಂತ ನಂಗೊತ್ತು. ಮಗೂಗೆ ಏನಾಗತ್ತೋ ಗೊತ್ತಿಲ್ಲ."

"ನೀನೇ ಸಿಂಪಡಿಸಿದ್ದಲ್ವೇನಮ್ಮ?"

"ಅದಕ್ಕೇ ಹೆದರಿಕೆ."

ಬದುಕಿದ ಎಲೆ ಕೊಡುವಂತಿಲ್ಲ, ಕೊಡಬಹುದಾದ ಎಲೆ ಬದುಕಿಲ್ಲ. ನೀವಿದ್ದಿದ್ದರೆ... ಮಗುವನ್ನು ಎತ್ತಿಕೊಂಡು ಗೌರಿಬಿದನೂರಿನ ಡಾಕ್ಟರ ಹತ್ತಿರ ಓಡಿದೆವು. ದಾರಿಯುದ್ದಕ್ಕೂ ನಾನು ಒಂದೂ ಜೋಕು ಹೇಳಲಿಲ್ಲವೆಂದರೆ ನಿಮಗೆ ಅರ್ಥವಾಗುತ್ತದೆ. ಇಂದು ಉಸಿರು ಹಗುರಾಗಿದೆ.

ಆದರೂ ಬೆಳಗ್ಗೆ ಹಳೆಯ ಹುದ್ದೆ ನೆನಪಾಗಿ, ಕಣದ ಸಾಲಿನದೇ ಒಂದು ಎಲೆ ಅಗಿದುಬಿಟ್ಟೆ. ಸುಮಾ ಕೂಗಾಡಿದಳು: "ನೀನೊಬ್ಬ ಉಳಕೊಂಡ್ರೆ ಅದು ಟೆಸ್ಟ್ ಆಗಲ್ಲ ಚಿಕ್ಕಪ್ಪ! ಅಮ್ಮ ಸುಮ್ನೆ ನಿನ್ ಕಾಲೆಳೀತಿದ್ಲು!"

ಹಾಗಾದರೆ ನನ್ನ ಇಷ್ಟು ವರ್ಷದ ಸೇವೆ?

ಒಂದು ಸುದ್ದಿ. ನೀರಿನ ಸಾಲಿನಲ್ಲಿ ಸತ್ತಿತೆಂದುಕೊಂಡ ಒಂದು ಗಿಡದ ಬುಡ ಇನ್ನೂ ಹಸಿರಾಗಿದೆ. ಸುಮಾ ಅಟ್ಟದಿಂದ ನಿಮ್ಮ ಕುಕ್ಕೆ ಇಳಿಸಿ, ಧೂಳು ಕೊಡವಿ, ತಾನೇ ಕವುಚಿದಳು. "ಕಣದ ಸಾಲು ಪ್ರಯೋಗಕ್ಕೆ, ಇದು ಮನೆಗೆ" ಎಂದಳು. ಕಾವಲಿಗೆ ನಾನು. ಇವತ್ತು ಚಳಿ ಜಾಸ್ತಿ ಅತ್ತಿಗೆ, ಆಗಲೇ ಕುಕ್ಕೆ ಎತ್ತಿ ಎತ್ತಿ ನೋಡುತ್ತಿದ್ದೇನೆ. ಟೆಸ್ಟ್ ಆಗದಿದ್ದರೆ ಬೇಡ, ಚಿಗುರಿದ ಮೊದಲ ಎಲೆ ನನ್ನ ಬಾಯಿಗೇ. ಆಮೇಲೆ ಮಗುವಿಗೆ.

ನಿಮ್ಮ ಮೈದುನ