ಎಡಭುಜದ ಅರ್ಧ ಇಂಚು

ಹೊಲಿಗೆ ಅಂಗಡಿಯಿಂದ,
ಸೋಮವಾರ, ಮಾರ್ಚ್ ಹತ್ತು

ನನ್ನ ಚಿಕ್ಕವಳೇ,

ಚೆನ್ನಾಗಿದ್ದೀಯಾ? ಶನಿವಾರ ನಿನ್ನ ಕೈಸೇರಬೇಕಾಗಿದ್ದ ಉಡುಪು ಇವತ್ತು ಬರುತ್ತಿದೆ, ಜೊತೆಗೆ ನೀನು ಕೇಳದೇ ಇದ್ದ ಪತ್ರವೊಂದೂ ಬರುತ್ತಿದೆ. ಎರಡಕ್ಕೂ ಕ್ಷಮಿಸು. ತಡವಾದದ್ದಕ್ಕೆ ಆ ಅಂಗಡಿಯವಳ ಮೇಲೆ ಹರಿಹಾಯಬೇಡ. ಕತ್ತಿನ ಪಟ್ಟಿ ಮನಸ್ಸಿಗೆ ಬರಲಿಲ್ಲ ಅಂತ ಎರಡು ಸಲ ಬಿಚ್ಚಿ ಹೊಲಿದವಳು ನಾನು.

ಹೌದು, ನಾನೇ. ನಿಂತಿದ್ದರೆ ಕೂತುಕೋ.

ಪೇಟೆಯ ಆ ತುದಿಯ ಅಂಗಡಿ ಹುಡುಕಿದ್ದು ಜಾಣತನವೇ. ನನ್ನ ಪರಿಚಯದವರು ಯಾರೂ ಅಷ್ಟು ದೂರ ಹೋಗುವುದಿಲ್ಲ ಅಂತ ನೀನು ಅಂದುಕೊಂಡೆ. ಆದರೆ ಅಳತೆಗೆಂದು ಆ ನೀಲಿ ಉಡುಪು ಕೊಟ್ಟೆಯಲ್ಲ ಮಾರಾಯ್ತಿ, ಅದನ್ನು ಹೊಲಿದವರು ಯಾರು? ಕಳ್ಳತನಕ್ಕೆ ಹೋಗುವವರು ಮನೆ ವಿಳಾಸ ಬರೆದಿಟ್ಟು ಬರುತ್ತಾರಾ? ಆ ಅಂಗಡಿಯವಳು ಒಂಬತ್ತು ವರ್ಷ ನನ್ನ ಪಕ್ಕದ ಮಿಷನ್ನಿನಲ್ಲಿ ಕೂತವಳು. ನಾವೆಲ್ಲ ಕತ್ತರಿ ಅಂತ ಕರೆಯುತ್ತಿದ್ದೆವು. ಅವಳು ಬಿಟ್ಟುಹೋದಾಗ ನೀನು ಇನ್ನೂ ನೆಟ್ಟಗೆ ನಡೆಯುತ್ತಿರಲಿಲ್ಲ, ನಿನಗೆ ಅವಳ ನೆನಪಿಲ್ಲ. ಅವಳಿಗೆ ನನ್ನ ಕೈ ಮರೆತಿಲ್ಲ.

ಫೋನ್ ಮಾಡಿದಳು. "ಅಕ್ಕಾ, ಹೊಲಿಗೆ ನೋಡಿದ ಕೂಡ್ಲೇ ನಿಮ್ಮದು ಅಂತ ಗೊತ್ತಾಯ್ತು. ಆದ್ರೆ ಎಡಭುಜ ಅರ್ಧ ಇಂಚು ಇಳಿದಿದೆ, ಒಳಗೆ ಒಂದು ತೆಳು ಮೆತ್ತೆ ಬೇರೆ ಇದೆ. ನಿಮ್ಮ ಕೈ ತಪ್ಪೋದಲ್ಲ. ಹುಡುಗೀನ ಕೇಳಿದ್ರೆ, ಎರಡೂ ಭುಜ ಒಂದೇ ಅಳತೆ ಅಂತಾಳೆ. ಮದುವೆ ಉಡುಪು ಬೇರೆ. ಏನ್ ಮಾಡ್ಲಿ ಹೇಳಿ?"

ಮದುವೆ ಅನ್ನುವ ಮಾತು ನನಗೆ ತಲುಪಿದ್ದು ಹೀಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನೀನೀಗ ಮುಟ್ಟಿ ನೋಡಿಕೊಳ್ಳುತ್ತಿದ್ದೀಯ, ನನಗೆ ಗೊತ್ತು. ಹೌದು, ಎಡಗಡೆಯದು ಇಳಿದಿದೆ. ಏಳನೇ ವಯಸ್ಸಿನಲ್ಲಿ ಕಾಂಪೌಂಡ್ ಗೋಡೆಯಿಂದ ಬಿದ್ದೆಯಲ್ಲ, ಮೂಳೆ ಕೂಡಿತು, ಭುಜ ಮೊದಲಿನ ಜಾಗಕ್ಕೆ ಬರಲಿಲ್ಲ. ನಿನ್ನ ಅಪ್ಪ, "ಅವಳಿಗೆ ಹೇಳ್ಬೇಡ, ಆಮೇಲೆ ಕನ್ನಡಿ ಮುಂದೆ ಅದನ್ನೇ ನೋಡ್ತಾ ನಿಂತಿರ್ತಾಳೆ" ಅಂದರು. ಅವತ್ತಿನಿಂದ ನಿನ್ನ ಪ್ರತಿ ಬಟ್ಟೆಗೂ ಆ ಮೆತ್ತೆ ಇಟ್ಟಿದ್ದೇನೆ. ರೆಡಿಮೇಡ್ ಬಟ್ಟೆ ಯಾಕೆ ಜಾರುತ್ತದೆ ಅಂತ ಗೊಣಗುತ್ತಿದ್ದೆಯಲ್ಲ, ಇದಕ್ಕೇ. ದಿನಕ್ಕೆ ಐವತ್ತು ಜನರ ಕಣ್ಣು ಪರೀಕ್ಷೆ ಮಾಡುವವಳಿಗೆ ಇಪ್ಪತ್ತು ವರ್ಷ ಇದು ಕಾಣಲಿಲ್ಲ ಅಂತ ನನಗೆ ಸ್ವಲ್ಪ ಜಂಬ.

ನಾನು ಅಳತೆಯ ಉಡುಪನ್ನೂ ಹೊಸ ಬಟ್ಟೆಯನ್ನೂ ತರಿಸಿಕೊಂಡೆ. ಕತ್ತರಿಯನ್ನು ಬೈಯಬೇಡ. "ಬೇಡ ಅಕ್ಕಾ, ಹುಡುಗಿ ಗುಟ್ಟಾಗಿಡಿ ಅಂದಿದಾಳೆ" ಅಂತ ಮೂರು ಸಲ ಹೇಳಿದಳು. ನಾಲ್ಕನೇ ಸಲಕ್ಕೆ ನಾನು ಅತ್ತುಬಿಟ್ಟೆ.

ನೀಲಿ ಉಡುಪಿನ ಜೇಬಿನಲ್ಲಿ ನಿನ್ನ ಪಟ್ಟಿ ಸಿಕ್ಕಿತು. ಎಲ್ಲ ಬಟ್ಟೆಗೂ ಜೇಬು ಬೇಕು ಅಂತ ಹಟ ಮಾಡಿದವಳು ನೀನೇ, ನನ್ನನ್ನು ದೂರಬೇಡ. 'ಟೆನ್ಷನ್ ಇಲ್ಲದೆ ಓಡಿಹೋಗುವುದು' ಅಂತ ತಲೆಬರಹ, ಅದಕ್ಕೆ ಎರಡು ಅಡಿಗೆರೆ ಬೇರೆ. ಓಡಿಹೋಗುವವರು ಇಷ್ಟು ಅಚ್ಚುಕಟ್ಟಾಗಿ ಓಡುವುದನ್ನು ನಾನು ಕಂಡಿಲ್ಲ. ರಜೆ ಚೀಟಿ, ಫೋಟೋ, ರಿಜಿಸ್ಟ್ರಾರ್ ಕಚೇರಿಯ ಸಮಯ, ಮಳೆ ಬಂದರೆ ಎರಡು ಕೊಡೆ. ಓದುತ್ತಾ ನಗು ಬಂತು, ನಗುತ್ತಲೇ ಮತ್ತೆ ಮೊದಲಿನಿಂದ ಓದಿದೆ.

ಹುಡುಗ ಲಿಫ್ಟಿನವನೇ ತಾನೇ? ಹೋದ ವರ್ಷ ನಿಮ್ಮ ಆಸ್ಪತ್ರೆಯ ಲಿಫ್ಟಿನಲ್ಲಿ ನೀನು ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡಾಗ, ರಿಪೇರಿ ಮಾಡುತ್ತಲೇ ಬಾಗಿಲಾಚೆಯಿಂದ ಮಾತಾಡಿಸುತ್ತಾ ಧೈರ್ಯ ತುಂಬಿದನಲ್ಲ, ಅವನು. ಆ ಕಥೆಯನ್ನು ನನಗೆ ಒಂದೇ ವಾರದಲ್ಲಿ ಮೂರು ಸಲ ಹೇಳಿದೆ. ಮೂರನೇ ಸಲ ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ ನಕ್ಕೆ. ಒಳ್ಳೆಯ ಹುಡುಗ ಅಂತ ಅವತ್ತೇ ಅನಿಸಿತ್ತು. ನೀನು ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ.

ಮೂವತ್ತು ವರ್ಷದಿಂದ ಮದುವೆಯ ಹುಡುಗಿಯರನ್ನು ಈ ಕನ್ನಡಿಯ ಮುಂದೆ ನಿಲ್ಲಿಸಿದ್ದೇನೆ, ನಿನ್ನ ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನು ಹೇಳುತ್ತೇನೆ. ಹೊಸ ಚಪ್ಪಲಿಯನ್ನು ಇವತ್ತಿನಿಂದಲೇ ಕೋಣೆಯಲ್ಲಿ ಹಾಕಿಕೊಂಡು ಓಡಾಡು. 'ತಿಂಡಿ, ಎಲ್ಲ ಮುಗಿದ ಮೇಲೆ' ಅಂತ ಬರೆದಿದ್ದೀಯ, ಅದು ಆಗದು. ತಿಂದೇ ಹೊರಡು. ಖಾಲಿ ಹೊಟ್ಟೆಯಲ್ಲಿ ಸಹಿ ಹಾಕುವಾಗ ಕೈ ನಡುಗಿದರೆ, ಹುಡುಗಿಗೆ ಇಷ್ಟವಿಲ್ಲವೇನೋ ಅಂತ ಅಧಿಕಾರಿ ಕನ್ನಡಕ ಏರಿಸಿ ನೋಡುತ್ತಾನೆ. ಬಿಳಿ ದಾರ ಪೋಣಿಸಿದ ಸೂಜಿಯೊಂದನ್ನು ಬಲಜೇಬಿನ ಒಳಗೆ ಚುಚ್ಚಿಟ್ಟಿದ್ದೇನೆ, ಕೈ ಹಾಕುವಾಗ ಜೋಪಾನ. ಬೆನ್ನಿನ ಗುಂಡಿಗಳನ್ನು ಕೆಳಗಿನಿಂದ ಹಾಕುತ್ತಾ ಬಾ ಅಂತ ಹಾಕುವವರಿಗೆ ಹೇಳು. ಯಾರು ಹಾಕುತ್ತಾರೋ ಏನೋ.

ನಿನ್ನೆ ಉಡುಪನ್ನು ಅಂಗಡಿಯ ಗೊಂಬೆಗೆ ತೊಡಿಸಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಗೊಂಬೆಯ ಭುಜ ಎರಡೂ ಸಮ, ಹಾಗಾಗಿ ನಿನ್ನ ಉಡುಪು ಅದಕ್ಕೆ ಸರಿಯಾಗಿ ಕೂರಲೇ ಇಲ್ಲ. ಅದರ ಎಡಭುಜದ ಮೇಲೆ ಕೈ ಇಟ್ಟು ಸ್ವಲ್ಪ ಒತ್ತಿದೆ. ಎಂಥಾ ಹುಚ್ಚು ನೋಡು. ಬೇರೆಯವರ ಹೆಣ್ಣುಮಕ್ಕಳು ಕನ್ನಡಿಯಲ್ಲಿ ತಮ್ಮನ್ನು ತಾವು ಮೊದಲ ಸಲ ಮದುವಣಗಿತ್ತಿಯಾಗಿ ನೋಡಿಕೊಳ್ಳುವಾಗ ನಾನು ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಹಿಂದೆ ನಿಂತಿರುತ್ತೇನೆ. ಬಾಯಲ್ಲಿ ಸೂಜಿಯಿದ್ದರೆ ಮಾತು ಹೊರಬರುವುದಿಲ್ಲ, ಅದಕ್ಕೇ ನನಗೆ ಒಳ್ಳೆಯ ದರ್ಜಿ ಅಂತ ಹೆಸರು. ನನ್ನವಳು ಹಾಗೆ ನೋಡಿಕೊಳ್ಳುವುದನ್ನು ಒಂದು ಸಲ ನೋಡಬೇಕಿತ್ತು. ತುಂಬಾ ನೋಡಬೇಕಿತ್ತು ಕಣೇ.

ಫೋನ್ ಮಾಡದೆ ಪತ್ರ ಯಾಕೆ ಬರೆದೆ ಅಂತ ಕೇಳಬೇಡ. ಫೋನಿನಲ್ಲಿ ನನ್ನ ಎಲುಬಿಲ್ಲದ ನಾಲಿಗೆ ಏನು ಹೇಳುತ್ತದೋ ನನಗೇ ಭಯ. ಕಾಗದದ ಮೇಲಾದರೆ ಹೊಡೆದುಹಾಕಬಹುದು. ಇದು ನಾಲ್ಕನೇ ಪ್ರತಿ.

ಇಬ್ಬರೂ ಚೆನ್ನಾಗಿರಿ. ಜಗಳವಾಡಿದರೂ ಒಂದೇ ಸೂರಿನಡಿ ಆಡಿ, ಊಟದ ಹೊತ್ತಿಗೆ ಮುಗಿಸಿ. ನಿನ್ನ ಅಪ್ಪನ ಆಶೀರ್ವಾದವನ್ನೂ ಸೇರಿಸಿ ನಾನೇ ಕೊಡುತ್ತಿದ್ದೇನೆ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗೆ ಉಳಿಯಿತು. ಪಟ್ಟಿಯಲ್ಲಿ 'ಮೂರನೇ ಸಾಕ್ಷಿ: ಅಕ್ಕ, ಬುಧವಾರದ ರೈಲು' ಅಂತಿದೆ. ದೊಡ್ಡವಳು ಊರಿಗೆ ಬರುತ್ತಿದ್ದಾಳೆ ಅನ್ನುವುದೂ ನನಗೆ ಜೇಬಿನಿಂದಲೇ ತಿಳಿಯಬೇಕಾಯಿತು. ಅವಳನ್ನು ನೋಡಿ ಆರು ವರ್ಷವಾಯಿತು. ಅವಳ ಮದುವೆಗೆ ಎರಡು ದಿನವಿದ್ದಾಗ ಇದೇ ಕನ್ನಡಿಯ ಮುಂದೆ ಹುಡುಗನ ತಾಯಿ, ತೋಳು ಸಡಿಲ ಅಂದರು. ಸಡಿಲ ಅಷ್ಟೇ. ಅದಕ್ಕೆ ನಾನು, "ನಿಮ್ಮ ಮಗನ ಬುದ್ಧಿಗಿಂತ ಬಿಗಿಯಾಗೇ ಇದೆ ಬಿಡಿ" ಅಂದೆ. ಆಮೇಲೂ ನಿಲ್ಲಿಸಲಿಲ್ಲ. ಮಾತು ನಿಲ್ಲಿಸು ಅಂತ ಮೇಜಿನ ಕೆಳಗೆ ನನ್ನ ಕಾಲು ತುಳಿಯಲು ನಿಮ್ಮಪ್ಪ ಆಗಲೇ ಇರಲಿಲ್ಲ. ಸಂಜೆಯೊಳಗೆ ಮದುವೆ ಮುರಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಿಮಗೆ ಕಲಿಸಿದವಳು ನಾನೇ. ಅವಳಿಗೂ ಏನಾದರೂ ಹೊಲಿದು ಕಳಿಸೋಣ ಅಂತ ನಿನ್ನೆ ಬಟ್ಟೆ ಹಾಸಿ ಕೂತೆ. ಅವಳ ಅಳತೆ ಈಗ ನನಗೆ ಗೊತ್ತಿಲ್ಲ.

ಪಟ್ಟಿಯ ಕೊನೆಯ ಸಾಲು: 'ಅಮ್ಮನಿಗೆ ಹೇಳದೇ ಇರುವುದು.' ಮೇಲಿನ ಎಲ್ಲ ಸಾಲುಗಳ ಮುಂದೆ ಸರಿ ಗುರುತು ಹಾಕಿದ್ದೀಯ, ಅದರ ಮುಂದೆ ಹಾಕಿಲ್ಲ. ಮರೆತಿದ್ದರೆ, ಪಟ್ಟಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ, ಹಾಕಿಬಿಡು. ಮರೆತದ್ದಲ್ಲವಾದರೆ, ಗುರುವಾರ ಹನ್ನೊಂದಕ್ಕೆ ರಿಜಿಸ್ಟ್ರಾರ್ ಕಚೇರಿಯ ಎದುರಿನ ಗುಂಡಿ ಅಂಗಡಿಯ ಮುಂದೆ ನಿಂತಿರುತ್ತೇನೆ. ನೀನೂ ಅಕ್ಕನೂ ಇಬ್ಬರೂ ಕರೆಯದೆ ರಸ್ತೆ ದಾಟುವುದಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬರುತ್ತೇನೆ.