ಮೊಗ್ಗಿನಷ್ಟು ನಗೆ

ಮಲ್ಲಂದೂರು

ಚಿ. ಮೋನಿಕಾಳಿಗೆ ಆಶೀರ್ವಾದಗಳು.

ಲಕ್ವ ಹೊಡೆದು ಸೊಟ್ಟಗಾದ ನನ್ನ ಬಾಯಿಗೆ ವ್ಯಾಯಾಮ ಕಲಿಸಲು ಬಂದ ಮೊದಲ ದಿನ ನೀನು, "ಅಮ್ಮ, ಸ್ವಲ್ಪ ನಗಿ" ಎಂದೆ. ನಾನು ಗದರಿದೆ. ನಗುವುದೆಂದರೆ ಹಲ್ಲು ಕಿಸಿಯುವುದು ಎಂದೇ ನಾನು ತಿಳಿದಿದ್ದೆ. ನಿನ್ನಮ್ಮ ಕೂಲಿಗೆ ಬರುತ್ತಿದ್ದ ನಮ್ಮ ಕಾಫಿ ಕಣದಲ್ಲಿ ನಕ್ಕೆಯೆಂದು ಆರು ವರ್ಷದ ನಿನ್ನನ್ನು ಬೈದು ಓಡಿಸಿದವಳೂ ನಾನೇ.

ನೀನು ಅದನ್ನು ಮರೆತಿರಲಿಲ್ಲ. "ಹಲ್ಲು ಬೇಡ, ನೀವೇ ಬೈತೀರಿ. ಮುಗುಳ್ನಗೆ ಸಾಕು. ಮುಗುಳು ಅಂದ್ರೆ ಮೊಗ್ಗಲ್ವಾ ಅಮ್ಮ, ಅರಳೋದೇನೂ ಬೇಡ."

ಇವತ್ತು ಕನ್ನಡಿಯಲ್ಲಿ ಎಡದ ತುಟಿಯೂ ಮೇಲೆದ್ದಿತು. ನಿನ್ನ ಉಪಕಾರ ದೊಡ್ಡದು.

ಭಾನುವಾರ ಅಂಜನಮ್ಮನನ್ನೂ ಕರೆದುಕೊಂಡು ಊಟಕ್ಕೆ ಬಾ. ತಾಯಿ ಮಗಳು ಇಬ್ಬರೂ ಮುಂಬಾಗಿಲಿನಿಂದಲೇ ಬರಬೇಕು. ನಕ್ಕಾಗ ಹಲ್ಲು ಕಂಡರೂ ಅಡ್ಡಿಯಿಲ್ಲ.

ಇತಿ,
ತ್ರಿಪುರಸುಂದರಿ