ಪ್ರಭಾವ ಶೂನ್ಯವಾದ ಸಂಶೋಧನೆಯೂ ನನ್ನ ಮಗಳೂ

ಸಂಶೋಧನಾ ಮೌಲ್ಯಮಾಪನ ಸಮಿತಿಯ ಘನ ಅಧ್ಯಕ್ಷರೇ,

ತಾಯಿ ಮತ್ತು ಗರ್ಭಸ್ಥ ಶಿಶುವಿನ ಆರೋಗ್ಯದ ಬಗ್ಗೆ ನಮ್ಮೂರ ಹೆರಿಗೆ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆಸಿದ ಡಾಕ್ಟರಮ್ಮನವರ ಕೆಲಸದಿಂದ 'ಗಮನಾರ್ಹ ಪ್ರಭಾವ ಕಂಡುಬಂದಿಲ್ಲ' ಎಂದು ತಾವು ತೀರ್ಪಿತ್ತು, ಅಧ್ಯಯನ ನಿಲ್ಲಿಸಿ, ಅವರ ಕೊಠಡಿಗೆ ಬೀಗ ಜಡಿಸಿದ್ದೀರಿ. ತಮಗೆ ಕಾಣದೇ ಹೋದ ಆ ಪ್ರಭಾವ ಸದ್ಯ ನಮ್ಮ ಮನೆಯ ಮಂಚದ ಮೇಲೆ ಕುಣಿಯುತ್ತಿದೆ. ಗದರಿದರೂ ಇಳಿಯುತ್ತಿಲ್ಲ. ತಾವು ಒಮ್ಮೆ ಬಂದು ಗಮನಿಸಿದ್ದರೆ ಗಮನಾರ್ಹವೋ ಅಲ್ಲವೋ ತಿಳಿಯುತ್ತಿತ್ತು.

ನಾನು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ತೀರ್ಪು ಕೊಡುವವರು ಮೊದಲು ಸಾಕ್ಷಿಯನ್ನು ಕೇಳುತ್ತಾರೆ ಎಂಬ ಹಳೇ ಕಾಲದ ನಂಬಿಕೆ ನನ್ನದು. ತಾವು ಯಾರನ್ನೂ ಕರೆಸದ ಕಾರಣ ನಾನೇ ಕಟಕಟೆ ಹತ್ತುತ್ತಿದ್ದೇನೆ.

ನನ್ನ ಮೊದಲ ಬಸಿರು. ದಿನ ತುಂಬುತ್ತಾ ಬಂದಿತ್ತು. ಟೈಪ್ ಮಾಡಲು ಕೂತರೆ ಸಾಕು, ಒದೆಯುತ್ತಿದ್ದ ಮಗು ಒಂದು ಬೆಳಿಗ್ಗೆ ಸುಮ್ಮನಾಯಿತು. ಅತ್ತೆ, "ಒಳಗೆ ಜಾಗ ಸಾಲ್ದೆ ಸುಮ್ನಾಗಿರುತ್ತೆ ಕಣಮ್ಮ, ನಂಗೂ ಹಂಗೇ ಆಗಿತ್ತು" ಎಂದರು. ಆದರೂ ಮನಸ್ಸು ತಡೆಯದೆ ಆಸ್ಪತ್ರೆಗೆ ಹೋದೆ. ಅಲ್ಲಿದ್ದ ವೈದ್ಯರು ನನ್ನ ಮುಖವನ್ನೂ ನೋಡದೆ, "ಏನಾದ್ರೂ ಸಿಹಿ ತಿಂದು ಮಲ್ಕೊಳ್ಳಿ, ನಾಳೆ ಬನ್ನಿ" ಎಂದರು. ವಿದ್ಯಾವಂತರ ಮಾತು; ತಿಂದೆ, ಮಲಗಿದೆ. ಮರುದಿನ ಹೋದಾಗ ಎದೆಬಡಿತವಿರಲಿಲ್ಲ. ಗಂಡುಮಗು. ಅತ್ತೆ ಅದರ ತಲೆಗೂದಲು ಸವರಿದರು. ಆಮೇಲೆ ಎಷ್ಟೋ ದಿನ ನನಗೆ ಮುಖ ಕೊಟ್ಟು ಮಾತಾಡಲಿಲ್ಲ.

ಆಗ ನನ್ನ ಮಂಚದ ಬಳಿ ಬಂದವರು ಈ ಡಾಕ್ಟರಮ್ಮ. ವಾರ್ಡಿನಲ್ಲಿ ಅವರಿಗೆ 'ಕೇಳೋ ಡಾಕ್ಟ್ರು' ಎಂದು ಅಡ್ಡಹೆಸರು. ಮಗುವನ್ನು ಕಳೆದುಕೊಂಡವರ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಮಗುವಿನ ಆಟದಲ್ಲಿ ಯಾವಾಗ ವ್ಯತ್ಯಾಸ ಕಂಡಿತು, ಯಾರಿಗೆ ಹೇಳಿದಿರಿ, ಅವರು ಏನೆಂದರು ಎಂದು ಕೇಳುವುದೇ ಅವರ ಸಂಶೋಧನೆ. ನಾನು ರೇಗಿದೆ.

"ಈಗ ಕೇಳಿ ಏನ್ಮಾಡ್ತೀರಿ? ನನ್ ಮಗೂನ ತಂದ್ಕೊಡ್ತೀರಾ?"

"ಇಲ್ಲಮ್ಮ. ನಿಮಗೆ ನನ್ನಿಂದ ಏನೂ ಮಾಡಕ್ಕಾಗಲ್ಲ" ಎಂದರು. "ಇನ್ನೊಬ್ರಿಗೆ ಆಗಬಹುದು. ಇವತ್ತು ಬೇಡ ಅಂದ್ರೆ ಹೋಗ್ತೀನಿ."

ಎದ್ದವರನ್ನು ನಾನೇ ಕೈ ಹಿಡಿದು ಕೂರಿಸಿದೆ. ಅಳುತ್ತಾ ಎಲ್ಲ ಹೇಳಿದೆ.

ಇಂಥ ಎಷ್ಟೋ ತಾಯಂದಿರ ಮಾತು ಸೇರಿಸಿ ಅವರು ತೋರಿಸಿಕೊಟ್ಟದ್ದು ಇಷ್ಟೇ: ದಿನ ತುಂಬಿತೆಂದು ಮಗು ಆಟ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ನಾಳೆಯವರೆಗೆ ಕಾಯುವಂತಿಲ್ಲ. ಆಸ್ಪತ್ರೆಯ ಹಿರಿಯರೊಂದಿಗೆಲ್ಲ ಜಗಳವಾಡಿ, ಹಾಗೆ ಹೇಳಿಕೊಂಡು ಬಂದ ಹೆಂಗಸನ್ನು ತಕ್ಷಣ ಪರೀಕ್ಷಿಸಬೇಕೆಂಬ ನಿಯಮ ತಂದರು. ಅವರ ಪ್ರಬಂಧವನ್ನು ಉಲ್ಲೇಖಿಸಿದ ವಿದ್ವಾಂಸರು ಕಡಿಮೆಯಂತೆ. ಒಪ್ಪಿದೆ. ಅದರಿಂದ ಬದುಕಿಕೊಂಡವರು ಇನ್ನೂ ಅಡಿಟಿಪ್ಪಣಿ ಬರೆಯುವ ವಯಸ್ಸಿಗೆ ಬಂದಿಲ್ಲ, ಹಲ್ಲು ಬರುತ್ತಿವೆ. ಅಲ್ಲಿಯವರೆಗೆ, ಇವರು ಅವರನ್ನೂ ಅವರು ಇವರನ್ನೂ ಉಲ್ಲೇಖಿಸಿಕೊಂಡು ಬೆನ್ನು ತಟ್ಟಿಕೊಳ್ಳುವ ಪಂಡಿತರೇ ಪ್ರಭಾವಶಾಲಿಗಳಾಗಿರಲಿ.

ಎರಡನೇ ಬಸಿರಿನಲ್ಲೂ ಒಂದು ದಿನ ಹೊಟ್ಟೆ ಸುಮ್ಮನಾಯಿತು. ಈ ಸಲ ಅತ್ತೆಯೇ ಚಪ್ಪಲಿ ಮೆಟ್ಟಿ ಓಡಿ ಗಾಡಿ ನಿಲ್ಲಿಸಿದರು. ಆಸ್ಪತ್ರೆಯ ಬಾಗಿಲಿನ ಕಾವಲುಗಾರ ವಿಷಯ ಕೇಳಿದ್ದೇ, "ಚೀಟಿ ಆಮೇಲ್ ಮಾಡಿಸ್ಕೊಳ್ಳಿ, ಮೊದ್ಲು ಒಳಗ್ ನಡೀರಿ" ಎಂದ. ಮಗುವಿನ ಎದೆಬಡಿತ ಕುಸಿಯುತ್ತಿತ್ತು. ಶಸ್ತ್ರಕ್ರಿಯೆ ಮಾಡಿ ತೆಗೆದರು. ಮಗಳು ಒಡನೆ ಅಳಲಿಲ್ಲ. ಅತ್ತಾಗ, ಹೊರಗಿದ್ದ ಅತ್ತೆ ಗೋಡೆಗೊರಗಿ ಹಾಗೇ ನೆಲಕ್ಕೆ ಕೂತುಬಿಟ್ಟರಂತೆ. ಡಾಕ್ಟರಮ್ಮ ಹೇಳಿದ ಆ ಇನ್ನೊಬ್ಬಳು ನಾನೇ ಆಗಿದ್ದೆ.

ಕಳೆದ ವಾರ ಮಗಳನ್ನು ಲಸಿಕೆಗೆ ಕರೆದೊಯ್ದಾಗ ಆ ಕೊಠಡಿಗೆ ಬೀಗ. "ಅವ್ರನ್ನ ಪಾಠ ಮಾಡಕ್ಕೆ ಎಲ್ಲಿಗೋ ಕಳ್ಸಿದ್ರು. ಅವ್ರ ಕೆಲಸದಿಂದ ಏನೂ ಪ್ರಭಾವ ಆಗ್ಲಿಲ್ವಂತೆ" ಎಂದಳು ಆಯಾ. ಅಷ್ಟರಲ್ಲಿ, ಹೊಸದಾಗಿ ಬಂದ ವೈದ್ಯರೊಬ್ಬರು ತುಂಬುಗರ್ಭಿಣಿಯೊಬ್ಬಳಿಗೆ ಹೇಳುವುದು ಕೇಳಿಸಿತು: "ಮಗು ನಿದ್ದೆ ಮಾಡ್ತಿರುತ್ತೆ. ಸಿಹಿ ತಿಂದು ಮಲ್ಕೊಳ್ಳಿ, ನಾಳೆ ನೋಡೋಣ."

ಮಗಳನ್ನು ಆಯಾಳ ಕೈಗೆ ಕೊಟ್ಟು, ಆ ಹುಡುಗಿಯ ಪಕ್ಕ ಕೂತೆ. "ಪರೀಕ್ಷೆ ಮಾಡೋ ತನಕ ನಾವಿಬ್ರೂ ಏಳಲ್ಲ" ಎಂದೆ. ಗೊಣಗುತ್ತಲೇ ಪರೀಕ್ಷಿಸಿದರು. ಮಗು ಚೆನ್ನಾಗಿತ್ತು. ಹುಡುಗಿ ಕಣ್ಣೊರೆಸಿಕೊಂಡು ನಗುತ್ತಾ ಮನೆಗೆ ಹೋದಳು. ತಮ್ಮ ಭಾಷೆಯಲ್ಲಿ ಇದು 'ಅನಗತ್ಯ ತಪಾಸಣೆ' ಇರಬೇಕು. ನೆಮ್ಮದಿಗೆ ತಮ್ಮ ಕೋಷ್ಟಕದಲ್ಲಿ ಕಾಲಂ ಇದೆಯೇ?

ದಿನಾ ಆ ಬೆಂಚಿನ ಮೇಲೆ ಧರಣಿ ಕೂರಲು ನನಗೆ ಪುರುಸೊತ್ತಿಲ್ಲ. ಆದ್ದರಿಂದ ಡಾಕ್ಟರಮ್ಮನವರನ್ನು ವಾಪಸು ಕರೆಸಿ, ಅಧ್ಯಯನ ಮುಂದುವರಿಸಿ, ಅವರು ತಂದ ನಿಯಮವನ್ನು ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ ಕಡ್ಡಾಯ ಮಾಡಲು ಶಿಫಾರಸು ಮಾಡಿ. ಆಗದಿದ್ದರೆ ಮುಂದಿನ ಸಭೆಯನ್ನು ಹೆರಿಗೆ ವಾರ್ಡಿನಲ್ಲೇ ಕರೆಯಿರಿ. ಬರಿಗೈಯಲ್ಲಿ ಮನೆಗೆ ಹೊರಟ ಒಬ್ಬ ತಾಯಿಗೆ ಪ್ರಭಾವ ಎಂದರೇನೆಂದು, ಅವಳ ಮುಖ ನೋಡಿಕೊಂಡು ತಾವೇ ವಿವರಿಸಿ.

ಇಂತಿ,
ಇಬ್ಬರನ್ನು ಹೆತ್ತು ಒಬ್ಬಳನ್ನು ಸಾಕುತ್ತಿರುವವಳು